ಎರಡು ನಿಮಿಷದ ಥ್ರಿಲ್ಲರ್ ಆರಂಭ: ಯಾವ ರೂಢಿ ಉಳಿಸಬೇಕು, ಯಾವುದನ್ನು ಮುರಿಯಬೇಕು

ವಿದ್ಯಾರ್ಥಿಗಳು ತೆಗೆದ ಥ್ರಿಲ್ಲರ್ ಆರಂಭಗಳನ್ನು ಸಾಲಾಗಿ ಕೂತು ನೋಡಿದರೆ ಬಹುಪಾಲು ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿರುತ್ತವೆ. ಕತ್ತಲು, ಖಾಲಿ ಕಾರಿಡಾರ್, ಒಂಟಿ ಹುಡುಗಿ, ಹಿಂದೆ ಬರುವ ಮುಖ ಕಾಣದ ವ್ಯಕ್ತಿ, ಏರುವ ಸಂಗೀತ, ಚೀರಾಟ, ಕಪ್ಪು ಪರದೆ, ಶೀರ್ಷಿಕೆ. ಇದರಿಂದ ಬೇಸತ್ತ ತಂಡ ಎಲ್ಲವನ್ನೂ ತಲೆಕೆಳಗು ಮಾಡುತ್ತದೆ. ಆಗ ನೋಡುವವರಿಗೆ ಅದು ಥ್ರಿಲ್ಲರ್ ಎಂದೇ ತಿಳಿಯುವುದಿಲ್ಲ. ನಾಲ್ಕೈದು ರೂಢಿಗಳನ್ನು ಗಟ್ಟಿಯಾಗಿ ಹಿಡಿದುಕೊಂಡು, ಒಂದೆರಡನ್ನು ಮಾತ್ರ ಕಥೆ ಕೇಳುವ ಜಾಗದಲ್ಲಿ ಮುರಿಯುವುದು ಸರಿಯಾದ ದಾರಿ.

ಮುರಿಯಬೇಕಾದರೆ ಮೊದಲು ನಿರೀಕ್ಷೆ ಹುಟ್ಟಿರಬೇಕು. 1960ರ ‘ಸೈಕೋ’ ಚಿತ್ರದಲ್ಲಿ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ನಾಯಕಿಯನ್ನು ಅರ್ಧದಾರಿಗೂ ಮೊದಲೇ ಕೊಲ್ಲಿಸಿದ್ದು ಅಷ್ಟು ಆಘಾತ ಕೊಟ್ಟಿತು, ಏಕೆಂದರೆ ಅದುವರೆಗಿನ ಮುಕ್ಕಾಲು ಗಂಟೆ ನಾವು ಅವಳ ಬೆನ್ನಿಗೇ ಇದ್ದೆವು. ನಿಮ್ಮ ಕೈಯಲ್ಲಿರುವುದು ಎರಡೇ ನಿಮಿಷ. ಹಾಗಾಗಿ ಮೊದಲ 40 ಸೆಕೆಂಡುಗಳಲ್ಲಿ ‘ಇದು ಥ್ರಿಲ್ಲರ್, ಇಲ್ಲೊಬ್ಬರಿಗೆ ಅಪಾಯವಿದೆ’ ಎಂಬ ಮಾತು ಕೊಟ್ಟಾಗಿರಬೇಕು.

ಹಂತ 1: ಪಟ್ಟಿ ಮಾಡಿ, ಪಕ್ಕದಲ್ಲಿ ಕೆಲಸ ಬರೆಯಿರಿ

ಒಂದು ಹಾಳೆಯ ಎಡಕ್ಕೆ ರೂಢಿ, ಬಲಕ್ಕೆ ಅದು ಮಾಡುವ ಕೆಲಸ. ಕತ್ತಲು: ಅಪಾಯ ಎಲ್ಲಿದೆ ಎಂದು ಕಾಣದಂತೆ ಮಾಡುತ್ತದೆ. ಕ್ಲೋಸ್‌ಅಪ್ (ತೀರಾ ಹತ್ತಿರದಿಂದ ತೆಗೆದ ಚಿತ್ರ): ಸುತ್ತಲಿನದನ್ನು ಮರೆಮಾಡುತ್ತದೆ. ಗಡುವು: ಸಮಯ ಮುಗಿಯುತ್ತಿದೆ ಎನ್ನಿಸುತ್ತದೆ. ಮುಖ ತೋರಿಸದ ವ್ಯಕ್ತಿ: ಪ್ರಶ್ನೆ ಹುಟ್ಟಿಸುತ್ತಾನೆ. ಒಂಟಿತನ: ಸಹಾಯ ಸಿಗದು ಎಂಬ ಭಾವ ತರುತ್ತದೆ. ಈ ಬಲಗಡೆಯ ಕಾಲಮ್ಮೇ ಮುಖ್ಯ. ಕತ್ತಲನ್ನು ಬಿಟ್ಟರೆ, ಕತ್ತಲು ಮಾಡುತ್ತಿದ್ದ ಕೆಲಸವನ್ನು ಇನ್ನಾವುದಕ್ಕಾದರೂ ವಹಿಸಬೇಕು. ಹಾಗೆ ವಹಿಸದೆ ಬಿಟ್ಟ ಚಿತ್ರ ಸಪ್ಪೆಯಾಗುತ್ತದೆ.

ಹಂತ 2: ಒಂದು ದೃಶ್ಯ ಕಟ್ಟಿ ನೋಡಿ

ಉದಾಹರಣೆಗೆ, ಹಾಡಹಗಲಿನ ಗ್ರಂಥಾಲಯ. ಸುತ್ತ ಹತ್ತು ಜನ. ಓದುತ್ತಿರುವ ಹುಡುಗಿಯ ಪುಸ್ತಕದ ನಡುವೆ ಒಂದು ಚೀಟಿ: ‘4.10’. ಗೋಡೆ ಗಡಿಯಾರದಲ್ಲಿ 4.08. ನಿಮ್ಮ ಚಿತ್ರದ ಉದ್ದವೂ ಎರಡೇ ನಿಮಿಷವಾದ್ದರಿಂದ ಗಡುವು ನೋಡುವವರ ಕಣ್ಣೆದುರೇ, ನಿಜ ಸಮಯದಲ್ಲೇ ಕರಗುತ್ತದೆ. ಅವಳು ಬಾಗಿಲು ನೋಡುತ್ತಾಳೆ, ಜನರನ್ನು ನೋಡುತ್ತಾಳೆ, ಬೆವರುತ್ತಾಳೆ. ಕೊನೆಯ ಹತ್ತು ಸೆಕೆಂಡಿನಲ್ಲಿ ತನ್ನ ಜೇಬಿನಿಂದ ಅಂಥದೇ ಇನ್ನೊಂದು ಚೀಟಿ ತೆಗೆದು, ಎದ್ದು ಹೋಗುವಾಗ ಪಕ್ಕದವನ ಬ್ಯಾಗಿಗೆ ಜಾರಿಸುತ್ತಾಳೆ.

ಇಲ್ಲಿ ಗಡುವು, ಕ್ಲೋಸ್‌ಅಪ್, ಮುಚ್ಚಿಟ್ಟ ಮಾಹಿತಿ ಹಾಗೇ ಉಳಿದಿವೆ. ಮುರಿದದ್ದು ಎರಡು: ಕತ್ತಲು-ಒಂಟಿತನದ ಜೋಡಿ ಮತ್ತು ‘ಹೆದರಿದ ಹುಡುಗಿ ಎಂದರೆ ಬಲಿಪಶು’ ಎಂಬ ನಂಬಿಕೆ. ಮೊದಲನೆಯದು ಆರಂಭದಲ್ಲೇ ಕಾಣುತ್ತದೆ, ಎರಡನೆಯದು ಕೊನೆಯ ಶಾಟಿಗೆ (ಕಟ್ ಇಲ್ಲದ ಒಂದು ತುಣುಕಿಗೆ) ಕಾದಿರುತ್ತದೆ. ಮೂರನೆಯದನ್ನು ಮುಟ್ಟಬೇಡಿ.

ತಿರುವು ನ್ಯಾಯವಾಗಿರಬೇಕು. ಅವಳ ಹೆದರಿಕೆ ‘ನನಗೇನಾಗುತ್ತದೋ’ ಎಂಬುದಕ್ಕೂ ‘ಸಿಕ್ಕಿಬೀಳುತ್ತೇನೋ’ ಎಂಬುದಕ್ಕೂ ಹೊಂದಬೇಕು. ನಟಿಗೆ ಎರಡನೆಯದನ್ನೇ ಹೇಳಿ ಅಭಿನಯ ಮಾಡಿಸಿ; ನೋಡುವವರು ಮೊದಲನೆಯದನ್ನು ತಾವೇ ಊಹಿಸಿಕೊಳ್ಳುತ್ತಾರೆ. ‘ಎಲ್ಲ ಕನಸಾಗಿತ್ತು’ ಎಂಬ ತಿರುವು ಬೇಡವೇ ಬೇಡ: ಅದುವರೆಗೆ ಕಟ್ಟಿದ ಅಪಾಯವನ್ನೆಲ್ಲ ಅದು ರದ್ದು ಮಾಡುತ್ತದೆ.

ಹಂತ 3: ಶಾಟ್ ಲೆಕ್ಕ

ಎರಡು ನಿಮಿಷಕ್ಕೆ 28 ಅಥವಾ 29 ಶಾಟ್ ಸಾಕು. ಮೊದಲ ನಿಮಿಷದಲ್ಲಿ 9 ಅಥವಾ 10, ಮುಂದಿನ ಅರ್ಧ ನಿಮಿಷದಲ್ಲಿ 7, ಕೊನೆಯ ಅರ್ಧದಲ್ಲಿ 12. ಆದರೆ ಕೊನೆಯ ಚೀಟಿಯ ಶಾಟ್‌ಗೆ ಮಾತ್ರ ಪೂರ್ತಿ 5 ಸೆಕೆಂಡ್ ಕೊಡಿ. ವೇಗದ ಕಟ್‌ಗಳ ನಂತರ ಬರುವ ಆ ನಿಲುಗಡೆಯೇ ಹೊಡೆತ. ಚಿತ್ರೀಕರಣಕ್ಕೆ ಮುನ್ನ ಪ್ರತಿ ಶಾಟಿಗೂ ಫೋನಿನಲ್ಲಿ ಒಂದು ಫೋಟೊ ತೆಗೆದು, ಎಡಿಟಿಂಗ್ ತಂತ್ರಾಂಶದಲ್ಲಿ ಆಯಾ ಉದ್ದಕ್ಕೆ ಜೋಡಿಸಿ ಓಡಿಸಿ. ಅರ್ಥವಾಗದ ಜಾಗ ಅಲ್ಲೇ ಕಾಣುತ್ತದೆ, ಒಂದು ದಿನದ ಶೂಟಿಂಗ್ ಉಳಿಯುತ್ತದೆ.

ಹುಡುಗಿ ಮತ್ತು ಪಕ್ಕದವನ ನಡುವೆ ನೆಲದ ಮೇಲೆ ಒಂದು ಗೆರೆ ಇದೆ ಎಂದುಕೊಂಡು, ಕ್ಯಾಮೆರಾವನ್ನು ಅದರ ಒಂದೇ ಬದಿಯಲ್ಲಿಡಿ. ದಾಟಿದರೆ ಯಾರು ಯಾರನ್ನು ನೋಡುತ್ತಿದ್ದಾರೆ ಎಂಬುದೇ ಗೊಂದಲವಾಗುತ್ತದೆ. ಈ ಕಥೆ ನಿಂತಿರುವುದೇ ನೋಟಗಳ ಮೇಲೆ, ಆದ್ದರಿಂದ ಇಲ್ಲಿ ರಿಯಾಯಿತಿ ಇಲ್ಲ. ಒಂದೇ ವ್ಯಕ್ತಿಯ ಎರಡು ಶಾಟ್ ಅಕ್ಕಪಕ್ಕ ಬಂದರೆ ಕೋನ ಕನಿಷ್ಠ 30 ಡಿಗ್ರಿ ಬದಲಾಗಲಿ, ಇಲ್ಲವಾದರೆ ಚಿತ್ರ ಎಗರಿದಂತೆ ಕಾಣುತ್ತದೆ.

ಗಡಿಯಾರದ ಸೆಲ್ ತೆಗೆದುಬಿಡಿ. ಪ್ರತಿ ಶಾಟಿಗೂ ಮುಳ್ಳನ್ನು ಕೈಯಿಂದಲೇ ಇಟ್ಟು, ಎಷ್ಟಕ್ಕಿಟ್ಟಿರಿ ಎಂದು ಶಾಟ್ ಪಟ್ಟಿಯಲ್ಲಿ ಬರೆದುಕೊಳ್ಳಿ. ಇದನ್ನು ಮರೆತ ತಂಡದ ಚಿತ್ರದಲ್ಲಿ ಗಂಟೆ ಹಿಂದೆ ಮುಂದೆ ಓಡಾಡುತ್ತದೆ. ಗಡುವಿನ ಕಥೆಗೆ ಅದಕ್ಕಿಂತ ದೊಡ್ಡ ಪೆಟ್ಟಿಲ್ಲ.

ಹಂತ 4: ಹಗಲಿನಲ್ಲೂ ನೆರಳು

ಕ್ಯಾಮೆರಾವನ್ನು ಸೆಕೆಂಡಿಗೆ 25 ಫ್ರೇಮ್ (ಬಿಡಿ ಚಿತ್ರ), ಶಟರ್ ವೇಗ 1/50 ಸೆಕೆಂಡಿಗೆ ಇಡಿ. 50 ಹರ್ಟ್ಸ್ ವಿದ್ಯುತ್ತಿರುವ ಕಡೆ ಟ್ಯೂಬ್‌ಲೈಟ್ ಮಿನುಗದಿರಲೂ ಇದೇ ಸರಿ. ಎಕ್ಸ್‌ಪೋಶರ್ (ಬೆಳಕಿನ ಪ್ರಮಾಣ), ಫೋಕಸ್, ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಮೂರನ್ನೂ ಲಾಕ್ ಮಾಡಿ. ಆಟೊದಲ್ಲಿ ಬಿಟ್ಟರೆ ಯಾರೋ ಹಿಂದಿನಿಂದ ಹಾದುಹೋದಾಗ ಮುಖ ತಾನಾಗಿ ಬೆಳಗಿ ಮಸುಕಾಗುತ್ತದೆ.

ಹುಡುಗಿಯನ್ನು ಕಿಟಕಿಯ ಮುಂದೆ ಕೂರಿಸಬೇಡಿ, ಪಕ್ಕಕ್ಕೆ ಕೂರಿಸಿ. ಇನ್ನೊಂದು ಬದಿಯಲ್ಲಿ, ಫ್ರೇಮಿನ ಹೊರಗೆ, ಮುಖದಿಂದ ಎರಡು ಅಡಿ ದೂರದಲ್ಲಿ ದಪ್ಪ ಕಪ್ಪು ಬಟ್ಟೆ ಹಿಡಿಯಿರಿ. ಗೋಡೆಯಿಂದ ಮರಳುವ ಬೆಳಕನ್ನು ಅದು ನುಂಗಿ, ಅರ್ಧ ಮುಖಕ್ಕೆ ನೆರಳು ಕೊಡುತ್ತದೆ. ಕೋಣೆ ಬೆಳಕಾಗಿದ್ದರೂ ಮುಖದಲ್ಲಿ ಗುಟ್ಟು ಉಳಿಯುತ್ತದೆ: ಕತ್ತಲಿನ ಕೆಲಸವನ್ನು ಬಟ್ಟೆಯೊಂದು ವಹಿಸಿಕೊಂಡಂತೆ. ಬಿಸಿಲು ಸರಿಯುತ್ತಲೇ ಇರುವುದರಿಂದ ಕಿಟಕಿ ಕಾಣುವ ಶಾಟ್‌ಗಳನ್ನೆಲ್ಲ ಒಂದೇ ಪಟ್ಟಿನಲ್ಲಿ ಮುಗಿಸಿಕೊಳ್ಳಿ.

ನಿಮ್ಮ ಕಥೆ ರಾತ್ರಿಯದೇ ಆದರೆ ದೀಪ ಆರಿಸಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸುವ ತಪ್ಪು ಮಾಡಬೇಡಿ, ಚಿತ್ರವೆಲ್ಲ ಕಾಳುಕಾಳಾಗುತ್ತದೆ. ಚೆನ್ನಾಗಿ ಬೆಳಕು ಕೊಟ್ಟು, ಕ್ಯಾಮೆರಾದಲ್ಲಿ ಎಕ್ಸ್‌ಪೋಶರನ್ನು ಒಂದು ಸ್ಟಾಪ್, ಅಂದರೆ ಅರ್ಧಕ್ಕೆ, ಇಳಿಸಿ.

ಹಂತ 5: ಶಬ್ದವನ್ನು ಕಳೆಯುತ್ತಾ ಹೋಗಿ

ಏರುವ ಸಂಗೀತದ ಬದಲು ಇಳಿಯುವ ಶಬ್ದ ಬಳಸಿ. ಮೊದಲು ಫ್ಯಾನ್, ಪುಟ ಮಗುಚುವ ಸದ್ದು, ಕುರ್ಚಿಯ ಕಿರುಗುಟ್ಟು, ಪಿಸುಮಾತು ಎಲ್ಲವೂ ಇರಲಿ. ಚಿತ್ರದ 1.15ಕ್ಕೆ (1 ನಿಮಿಷ 15 ಸೆಕೆಂಡಿಗೆ) ಪಿಸುಮಾತು ನಿಲ್ಲಲಿ, 1.30ಕ್ಕೆ ಫ್ಯಾನ್, 1.40ಕ್ಕೆ ಪುಟಗಳು. ಉಳಿಯುವುದು ಗಡಿಯಾರದ ಟಿಕ್ ಟಿಕ್ ಮಾತ್ರ. ಸುತ್ತ ಹತ್ತು ಜನರಿದ್ದೂ ಅವಳು ಒಂಟಿಯಾಗುವುದು ಹೀಗೆ. ಇದಕ್ಕಾಗಿ ಶೂಟಿಂಗ್ ವೇಳೆ ಫ್ಯಾನ್ ಆರಿಸಿರಬೇಕು, ಪ್ರತಿ ಶಬ್ದವನ್ನೂ ಬೇರೆಬೇರೆಯಾಗಿ ದಾಖಲಿಸಬೇಕು. ಖಾಲಿ ಕೋಣೆಯ ಮೌನವನ್ನೂ ಒಂದು ನಿಮಿಷ ದಾಖಲಿಸಿ. ಅದು ಇಲ್ಲದಿದ್ದರೆ ಕಟ್‌ಗಳ ನಡುವೆ ಶಬ್ದ ಗಕ್ಕನೆ ಸತ್ತುಹೋಗುತ್ತದೆ. ತಳದಲ್ಲಿ ಗುನುಗು ಬೇಕೆನಿಸಿದರೆ ಎಚ್ಚರ: 50 ಹರ್ಟ್ಸ್ ಆಸುಪಾಸಿನದು ಫೋನಿನ ಸ್ಪೀಕರಿನಲ್ಲಿ ಬಹುತೇಕ ಕೇಳಿಸುವುದೇ ಇಲ್ಲ.

ಹಂತ 6: ಹೆಸರುಗಳು

ನಿರ್ಮಾಣ ತಂಡ, ನಟರು, ಸಂಕಲನ, ಛಾಯಾಗ್ರಹಣ, ಕೊನೆಗೆ ನಿರ್ದೇಶನ. ಒಂದೊಂದಕ್ಕೆ 3 ಸೆಕೆಂಡ್. ಮುಖವೋ ಚೀಟಿಯೋ ತುಂಬಿದ ಶಾಟ್ ಮೇಲೆ ಹೆಸರು ಹಾಕಬೇಡಿ, ಕಣ್ಣು ಎರಡು ಕಡೆ ಹಂಚಿಹೋಗುತ್ತದೆ. ಚಿತ್ರದ ಶೀರ್ಷಿಕೆ ಎರಡನೇ ಚೀಟಿ ಬ್ಯಾಗಿಗೆ ಬಿದ್ದ ಮೇಲೆಯೇ ಬರಲಿ. ರಕ್ತ ತೊಟ್ಟಿಕ್ಕುವ ಅಕ್ಷರ ಬೇಡ. ಚೀಟಿಯಲ್ಲಿರುವ ಕೈಬರಹವನ್ನೇ ಬಳಸಿ.

ಹಂತ 7: ಐದು ಜನರಿಗೆ ತೋರಿಸಿ

ಕಥೆ ಗೊತ್ತಿಲ್ಲದ ಐವರನ್ನು ಒಬ್ಬೊಬ್ಬರಾಗಿ ಕೂರಿಸಿ. 40ನೇ ಸೆಕೆಂಡಿಗೆ ನಿಲ್ಲಿಸಿ, ‘ಯಾರಿಗೆ ಅಪಾಯ?’ ಎಂದು ಕೇಳಿ. ‘ಆ ಹುಡುಗಿಗೆ’ ಎಂದು ನಾಲ್ವರಾದರೂ ಹೇಳದಿದ್ದರೆ ಚೀಟಿ ಮತ್ತು ಗಡಿಯಾರದ ಕ್ಲೋಸ್‌ಅಪ್ ಉದ್ದ ಮಾಡಿ, ಇನ್ನೂ ಮುಂಚೆ ತನ್ನಿ. ಕೊನೆಯಲ್ಲಿ ‘ಮುಂದೇನು ತಿಳಿಯಬೇಕು?’ ಎಂದು ಕೇಳಿ. ‘ಅವಳಿಂದ ಅದನ್ನು ಮಾಡಿಸುತ್ತಿರುವವರು ಯಾರು?’ ಎಂದರೆ ಕೆಲಸವಾಗಿದೆ. ‘ಅವಳು ಬ್ಯಾಗಿನಲ್ಲಿ ಏನು ಹಾಕಿದಳು?’ ಎಂದರೆ ಕೊನೆಯ ಶಾಟ್ ಸ್ಪಷ್ಟವಿಲ್ಲ, ‘4.10’ ಎಂಬ ಬರಹ ಕ್ಯಾಮೆರಾಕ್ಕೆ ಕಾಣುವಂತೆ ಚೀಟಿ ಹಿಡಿಸಿ, ಆ ಒಂದು ಶಾಟನ್ನು ಮತ್ತೆ ತೆಗೆಯಿರಿ.