ಅಜ್ಜನ ಕಾರ್ವಿಂಗ್ ಚಾಕುಗಳಿಗೆ ಬೆಲೆ ಹುಡುಕಿದ್ದು

ಅಜ್ಜ ತೀರಿಕೊಂಡ ಮೇಲೆ ಅವರ ಬೀರುವಿನಲ್ಲಿದ್ದ ಒಂದು ಉದ್ದನೆಯ ಪೆಟ್ಟಿಗೆ ನನ್ನ ಪಾಲಿಗೆ ಬಂತು. ಒಳಗೆ ಮಖಮಲ್ಲು, ಅದರಲ್ಲಿ ಐದು ಗುಳಿ. ಮಾಂಸ ಹೋಳು ಮಾಡುವ ದೊಡ್ಡ ಚಾಕು, ಅದರ ಜೊತೆಯ ಎರಡು ಹಲ್ಲಿನ ಫೋರ್ಕ್, ಮಸೆಯುವ ಉಕ್ಕಿನ ಕೋಲು, ಒಂದು ಚಿಕ್ಕ ಚಾಕು. ಐದನೇ ಗುಳಿ ಖಾಲಿ. ಪಕ್ಕದಲ್ಲಿ ಬಟ್ಟೆ ಸುತ್ತಿಟ್ಟ, ಕೆನೆ ಬಣ್ಣದ ಹಿಡಿಯ ಇನ್ನೊಂದು ಚಾಕು. ‘ಇದಕ್ಕೆಲ್ಲ ಎಷ್ಟು ಬರಬಹುದು?’ ಅಂತ ಅಕ್ಕ ಕೇಳಿದಳು. ಪಾಲು ಸಮ ಆಗಬೇಕಿತ್ತು. ಹಾಗಾಗಿ ಸರಿಯಾದ ಉತ್ತರವೇ ಬೇಕಿತ್ತು.

ನಾನು ಮಾಡಿದ ಮೊದಲ ಕೆಲಸವೇ ತಪ್ಪು. ದೊಡ್ಡ ಚಾಕುವಿನ ಅಲಗು ಕಪ್ಪಾಗಿತ್ತು ಅಂತ ಉಪ್ಪುಕಾಗದ ಹಾಕಿ ಉಜ್ಜಿದೆ. ಹಿಡಿಯ ಹತ್ತಿರ ಹೊಳಪು ಬಂತು, ಆದರೆ ಅಲ್ಲಿದ್ದ ಮುದ್ರೆಯ ಒಂದು ತುದಿಯೂ ಸವೆದುಹೋಯಿತು. ಹಳೆಯ ಕಾರ್ಬನ್ ಉಕ್ಕು ಕಾಲ ಕಳೆದಂತೆ ಬೂದುಗಪ್ಪಾಗುವುದು ಸಹಜ, ಅದು ಕೊಳೆ ಅಲ್ಲ. ಕೊಳ್ಳುವವರು ಹುಡುಕುವುದೇ ಆ ಬಣ್ಣವನ್ನು ಮತ್ತು ಆ ಮುದ್ರೆಯನ್ನು. ಕೆಂಪು ತುಕ್ಕು ಇದ್ದರೆ ಮೆತ್ತನೆಯ ಬಟ್ಟೆಗೆ ಒಂದೆರಡು ಹನಿ ಎಣ್ಣೆ ಹಾಕಿ ಒರೆಸಿ, ಅಷ್ಟೇ ಸಾಕು. ಬಿಸಿನೀರಿನಲ್ಲಿ ನೆನೆಸಲೇಬೇಡಿ. ಇಂಥ ಹಿಡಿಗಳನ್ನು ಹೆಚ್ಚಾಗಿ ರಾಳದಂಥ ಅಂಟಿನಿಂದ ಕೂರಿಸಿರುತ್ತಾರೆ, ಬಿಸಿ ತಾಗಿದರೆ ಸಡಿಲವಾಗುತ್ತದೆ.

ಅಲ್ಲಿಂದ ಮುಂದೆ ಭೂತಗನ್ನಡಿ, ಓರೆಯಾಗಿ ಬೀಳುವ ಬೆಳಕು, ಒಂದು ನೋಟ್‌ಬುಕ್ ಇಟ್ಟುಕೊಂಡು ಕೂತೆ. ಬೆಲೆಯ ಯೋಚನೆ ಬದಿಗಿಟ್ಟೆ. ಒಂದೊಂದು ವಸ್ತುವೂ ಏನು ಅಂತ ಮೊದಲು ಗೊತ್ತಾಗಬೇಕು, ಅಲ್ವಾ?

ದೊಡ್ಡ ಚಾಕುವಿನ ಮೇಲೆ ಒಂದು ನಕ್ಷತ್ರ, ಒಂದು ಮಾಲ್ಟೀಸ್ ಶಿಲುಬೆ. ಇದು ಇಂಗ್ಲೆಂಡಿನ ಶೆಫೀಲ್ಡ್‌ನ ಜೋಸೆಫ್ ರಾಜರ್ಸ್ ಅಂಡ್ ಸನ್ಸ್ ಅನ್ನುವ ಚಾಕು ತಯಾರಕರ ಗುರುತು. ಹೆಸರಿನ ಮೇಲೆ ‘ವಿ’, ಕಿರೀಟ, ‘ಆರ್’. ಅಂದರೆ ವಿಕ್ಟೋರಿಯಾ ರಾಣಿಯ ಕಾಲ, 1837ರಿಂದ 1901. ಅಲಗು ಮತ್ತು ಹಿಡಿ ಸೇರುವ ಕಡೆ ಬೆಳ್ಳಿಯ ಬಳೆ ಇತ್ತು. ಅದರ ಮೇಲೆ ನಡೆಯುವ ಸಿಂಹ, ಅಂದರೆ ಸ್ಟರ್ಲಿಂಗ್ ಬೆಳ್ಳಿ (ನೂರಕ್ಕೆ 92.5 ಪಾಲು ಬೆಳ್ಳಿ). ಪಕ್ಕದಲ್ಲಿ ಕಿರೀಟ, ಆಗಿನ ಶೆಫೀಲ್ಡ್ ಹಾಲ್‌ಮಾರ್ಕ್ ಕಚೇರಿಯ ಗುರುತು. ಜೊತೆಗೆ ಒಂದು ಅಕ್ಷರ. ಆ ಅಕ್ಷರ ವರ್ಷವನ್ನು ಹೇಳುತ್ತದೆ. ಆದರೆ ಅದೇ ಅಕ್ಷರ ಕೆಲವು ದಶಕಗಳ ನಂತರ ಬೇರೆ ಬರಹದಲ್ಲಿ ಮತ್ತೆ ಬರುತ್ತದೆ. ಹಾಲ್‌ಮಾರ್ಕ್ ಅಕ್ಷರಗಳ ಕೋಷ್ಟಕದಲ್ಲಿ ನನ್ನದಕ್ಕೆ ಎರಡು ವರ್ಷ ಹೊಂದಿದವು. ಒಂದು 1901ರ ನಂತರದ್ದು, ಹಾಗಾಗಿ ಅದನ್ನು ಬಿಟ್ಟೆ. ಉಳಿದದ್ದು 1880ರ ದಶಕದ ಒಂದು ವರ್ಷ. ರಾತ್ರಿ ಹತ್ತು ಗಂಟೆಗೆ ಅಕ್ಕನಿಗೆ ಫೋನ್ ಮಾಡಿ ಹೇಳಿದೆ, ಅಷ್ಟು ಖುಷಿಯಾಗಿತ್ತು.

‘ಇಂಗ್ಲೆಂಡ್’ ಅನ್ನುವ ಪದ ಎಲ್ಲೂ ಇರಲಿಲ್ಲ. ಅಮೆರಿಕಕ್ಕೆ ಬರುವ ಸರಕಿನ ಮೇಲೆ ದೇಶದ ಹೆಸರು ಇರಬೇಕು ಅಂತ ಅಲ್ಲಿನ 1890ರ ಸುಂಕದ ಕಾಯ್ದೆ ಹೇಳಿತು. ಆಮೇಲೆ ಆ ಪದ ಜಾಸ್ತಿ ಕಾಣುತ್ತದೆ. ಆದರೆ ಅದು ಇಲ್ಲ ಅಂದ ಮಾತ್ರಕ್ಕೆ ಹಳೆಯದು ಅಂತ ತೀರ್ಮಾನಿಸಬೇಡಿ. ಎಲ್ಲ ಚಾಕುಗಳೂ ಅಮೆರಿಕಕ್ಕೆ ಹೋಗುತ್ತಿರಲಿಲ್ಲ.

ಚಿಕ್ಕ ಚಾಕು ಬೇರೆಯೇ ಕತೆ ಹೇಳಿತು. ಹಿಡಿ ದೊಡ್ಡ ಚಾಕುವಿನ ಥರದ್ದೇ ಜಿಂಕೆ ಕೊಂಬು, ಗುಳಿಯಲ್ಲಿ ಚೆನ್ನಾಗಿಯೇ ಕೂರುತ್ತಿತ್ತು. ಆದರೆ ಮುದ್ರೆ ‘ಐ*ಎಕ್ಸ್‌ಎಲ್’, ಅದು ಶೆಫೀಲ್ಡ್‌ನ ಇನ್ನೊಬ್ಬ ತಯಾರಕರಾದ ಜಾರ್ಜ್ ವೊಸ್ಟೆನ್‌ಹೋಮ್ ಅವರದು. ಬಳೆಯ ಮೇಲೆ ಸಿಂಹವೂ ಇಲ್ಲ, ಬರೀ ಬೆಳ್ಳಿ ಲೇಪ. ಕಳೆದುಹೋದ ಚಾಕುವಿನ ಜಾಗಕ್ಕೆ ಯಾರೋ ಇದನ್ನು ತಂದಿಟ್ಟಿದ್ದರು. ಹಾಗಾಗಿ ನನ್ನ ಹತ್ತಿರ ಇದ್ದದ್ದು ಐದರ ಸೆಟ್ಟಿನಲ್ಲಿ ಮೂರೇ ವಸ್ತು.

ಕೆನೆ ಬಣ್ಣದ ಹಿಡಿಯ ಚಾಕುವಿನ ಅಲಗಿನ ಮೇಲೆ ‘ಸ್ಟೇನ್‌ಲೆಸ್’ ಅಂತ ಇತ್ತು. ಹ್ಯಾರಿ ಬ್ರಿಯರ್ಲಿ ಶೆಫೀಲ್ಡ್‌ನಲ್ಲಿ ತುಕ್ಕು ಹಿಡಿಯದ ಉಕ್ಕು ಮಾಡಿದ್ದು 1913ರಲ್ಲಿ. ಇದು ಆಮೇಲಿನದು. ಹಿಡಿ ದಂತವೇ ಇರಬೇಕು ಅಂತ ಮನೆಯವರೆಲ್ಲ ನಂಬಿದ್ದರು. ದಂತದ ಅಡ್ಡ ತುದಿಯಲ್ಲಿ ಒಂದನ್ನೊಂದು ಹಾಯುವ ಬಾಗಿದ ಗೆರೆಗಳು ಕಾಣುತ್ತವೆ. ಮೂಳೆಯಲ್ಲಿ ಸಣ್ಣ ಕಪ್ಪು ಚುಕ್ಕೆ, ಗೀರು ಇರುತ್ತವೆ. ಇದರಲ್ಲಿ ಅಡಿಪಟ್ಟಿ ಇಟ್ಟು ಎಳೆದಂಥ ಸಮ ಗೆರೆಗಳು ಮಾತ್ರ. ಅದು ಸೆಲ್ಯುಲಾಯ್ಡ್, ಹಳೆಯ ಕಾಲದ ಒಂದು ಬಗೆಯ ಪ್ಲಾಸ್ಟಿಕ್. ಕಾದ ಸೂಜಿ ಚುಚ್ಚಿ ಪರೀಕ್ಷೆ ಮಾಡಿ ಅಂತ ಒಬ್ಬರು ಸಲಹೆ ಕೊಟ್ಟರು. ದಯವಿಟ್ಟು ಮಾಡಬೇಡಿ, ಸೆಲ್ಯುಲಾಯ್ಡ್ ಸುಲಭವಾಗಿ ಹೊತ್ತಿಕೊಳ್ಳುತ್ತದೆ. ನಿಜವಾದ ದಂತವೇ ಆಗಿದ್ದರೆ ಬೇರೆ ತೊಡಕು. ಹಲವು ದೇಶಗಳಲ್ಲಿ ಅದರ ಮಾರಾಟಕ್ಕೆ ನಿಷೇಧ ಇದೆ. ಕೊಂಬಿನ ಹಿಡಿಗೂ ಕೆಲವು ಕಡೆ ನಿರ್ಬಂಧ ಇದೆ. ಮಾರುವ ಮೊದಲು ನಿಮ್ಮಲ್ಲಿನ ವನ್ಯಜೀವಿ ಕಾನೂನು ನೋಡಿ.

ಇಷ್ಟು ಬರೆದಿಟ್ಟುಕೊಂಡ ಮೇಲೆ ಬೆಲೆ ಹುಡುಕಿದೆ. ಮಾರುವವರು ಕೇಳುವ ಬೆಲೆಯನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಹರಾಜಿನಲ್ಲಿ ನಿಜವಾಗಿ ಮಾರಾಟವಾದ ಬೆಲೆಗಳನ್ನು ಮಾತ್ರ ನೋಡಿದೆ. ಅದೇ ತಯಾರಕರ, ಪೆಟ್ಟಿಗೆ ಸಮೇತ ಐದೂ ಇದ್ದ ಸೆಟ್ಟುಗಳು ಒಂದು ಕಡೆ. ನನ್ನದರಂತೆ ಕೂಡಿಸಿದವು ಇನ್ನೊಂದು ಕಡೆ. ವ್ಯತ್ಯಾಸ ತುಂಬಾ ದೊಡ್ಡದು. ಬಿಡಿ ಚಾಕುವಿಗಂತೂ ಕೇಳುವವರು ಕಡಿಮೆ. ಮಸೆದು ಮಸೆದು ನಡುವೆ ಸವೆದ ಅಲಗಿಗೆ ಇನ್ನೂ ಕಡಿಮೆ. ಬೆಳ್ಳಿ ಇದೆಯಲ್ಲ ಅಂತ ಆಸೆ ಇಟ್ಟುಕೊಳ್ಳುವ ಹಾಗಿಲ್ಲ, ಆ ಬಳೆಗಳು ತೀರಾ ತೆಳು.

ಕೊನೆಗೆ ಎರಡು ಹರಾಜು ಸಂಸ್ಥೆಗಳಿಗೆ ಫೋಟೋ ಕಳಿಸಿದೆ. ಎರಡೂ ಬದಿ, ಮುದ್ರೆಗಳು ಹತ್ತಿರದಿಂದ, ಪಕ್ಕದಲ್ಲಿ ಅಳತೆಯ ಟೇಪು. ಚಿಕ್ಕ ಚಾಕು ಸೆಟ್ಟಿನದಲ್ಲ, ಒಂದು ಮುದ್ರೆ ಉಜ್ಜಿ ಸವೆದಿದೆ ಅಂತಲೂ ನಾನೇ ಬರೆದೆ. ಇಬ್ಬರೂ ಹೇಳಿದ ಅಂದಾಜು ಹೆಚ್ಚುಕಡಿಮೆ ನಾನು ಬರೆದಿಟ್ಟುಕೊಂಡದ್ದೇ. ಸಾಧಾರಣ ಮೊತ್ತ. ವಿಮೆಗೆ ಹೇಳುವ ಬೆಲೆ ಇದಕ್ಕಿಂತ ಜಾಸ್ತಿ ಇರುತ್ತದೆ, ಅದು ಕಳೆದುಹೋದರೆ ಅಂಥದ್ದನ್ನೇ ಮತ್ತೆ ಕೊಳ್ಳಲು ತಗಲುವ ಬೆಲೆ. ಪಾಲಿನ ಲೆಕ್ಕಕ್ಕೆ ಹರಾಜಿನ ಬೆಲೆಯನ್ನೇ ಹಿಡಿದೆವು. ಅಕ್ಕನೂ ಒಪ್ಪಿದಳು.

ಪೆಟ್ಟಿಗೆ ನನ್ನ ಹತ್ತಿರವೇ ಇದೆ. ಒಳಗೊಂದು ಚೀಟಿ ಇಟ್ಟಿದ್ದೇನೆ: ಮುದ್ರೆಗಳ ವಿವರ, ವರ್ಷ, ಖಾಲಿ ಗುಳಿಯ ಉದ್ದ. ನಕ್ಷತ್ರ ಮತ್ತು ಶಿಲುಬೆ ಇರುವ ಒಂದು ಚಿಕ್ಕ ಫೋರ್ಕಿಗಾಗಿ ಈಗಲೂ ಹುಡುಕುತ್ತಿದ್ದೇನೆ.