ಟೊಳ್ಳು ಕಾಲಿನ ಮೇಜಿಗೆ ಚಕ್ರ: ಮರದ ಗೂಟ ಹಾಕಿ ಗೆದ್ದ ಕಥೆ

ಪೈಪಿನ ಕಾಲಿಗೆ ಚಕ್ರ ನಿಲ್ಲಬೇಕಾದರೆ ವೆಲ್ಡಿಂಗೇ ಗತಿ ಅಂತ ಎಲ್ಲರೂ ಹೇಳಿದರು. ಮರ ಹಾಕುತ್ತೇನೆ ಅಂದಾಗ ನಕ್ಕವರೂ ಇದ್ದಾರೆ. ನನ್ನ ಕೆಲಸದ ಮೇಜು ವೈಸ್ (ಸಾಮಾನನ್ನು ಬಿಗಿಯಾಗಿ ಕಚ್ಚಿ ಹಿಡಿಯುವ ದೊಡ್ಡ ಇಕ್ಕಳ), ಗ್ರೈಂಡರ್ ಹೊತ್ತುಕೊಂಡು ವರ್ಷದ ಮೇಲಾಯಿತು, ಆರಾಮಾಗಿ ಓಡಾಡುತ್ತಿದೆ. ಒಳಗಿರುವುದು ಮರದ ಗೂಟವೇ.

ಕಾಲು 38 ಮಿ.ಮೀ. ಚೌಕ ಪೈಪು, ಗೋಡೆ 1.6. ಒಳಗೆ ಸಿಗುವ ಜಾಗ 35ರ ಹತ್ತಿರ. ಸಾಮಾನೆಲ್ಲ ಸೇರಿ ಭಾರ 150 ಕೆ.ಜಿ. ಇರಬಹುದು. ನಾಲ್ಕು ಚಕ್ರ ಇದೆ ಅಂತ ನಾಲ್ಕರಿಂದ ಭಾಗಿಸಬೇಡಿ. ನೆಲ ಎಲ್ಲೂ ಪೂರ್ತಿ ಸಮ ಇರುವುದಿಲ್ಲ, ಎಷ್ಟೋ ಸಲ ಹೊರುವುದು ಮೂರೇ. ಅದಕ್ಕೇ ಒಂದೊಂದೂ 60-70 ಕೆ.ಜಿ. ತಡೆಯುವಂಥದ್ದು ತಂದೆ.

ಮೊದಲು ಹಾಕಿದ್ದು ಥ್ರೆಡ್ ಇರುವ ಪ್ಲಾಸ್ಟಿಕ್ ಬುಷ್, ಅಂದರೆ ಪೈಪಿನ ಬಾಯಿಗೆ ಬಡಿಯುವ ಬಿರಡೆ; ಚಕ್ರದ ತಲೆಯ ಬೋಲ್ಟ್ ಅದರೊಳಗೆ ತಿರುಗಿ ಕೂರುತ್ತದೆ. ಸುತ್ತಿಗೆಯಲ್ಲಿ ಎರಡೇಟು, ಕೆಲಸ ಮುಗೀತು ಅನ್ನಿಸುತ್ತದೆ. ಹೊಸ್ತಿಲು ದಾಟಿಸಲು ಮೇಜು ಎತ್ತಿದರೆ ಚಕ್ರ ಬುಷ್ ಸಮೇತ ನೆಲದಲ್ಲೇ ಉಳಿಯಿತು! ಇನ್ನೂ ಬಿಗಿಯಾದದ್ದು ಸಿಕ್ಕೀತು ಅಂತ ಮತ್ತೊಂದು ಸೆಟ್ಟಿಗೆ ದುಡ್ಡು ಹಾಕಿದೆ, ಅದೂ ಅಷ್ಟೇ. ಆಮೇಲೆ ಬಿಗಿದರೆ ಒಳಗೆ ಉಬ್ಬುವ ರಬ್ಬರಿನದು. ಪುಸ್ತಕದ ಸ್ಟ್ಯಾಂಡಿಗೆ ಅದು ಸಾಕು, ಈಗಲೂ ಅಲ್ಲೇ ಇದೆ. ಭಾರದ ಮೇಜಿನಲ್ಲಿ ರಬ್ಬರು ಕೂತುಬಿಡುತ್ತದೆ, ತಿಂಗಳೊಪ್ಪತ್ತಿನಲ್ಲಿ ಸಡಿಲ.

ಕೊನೆಗೆ ವೆಲ್ಡಿಂಗ್‌ಗೂ ಕೊಟ್ಟೆ. ಒಂದು ಕಾಲಿಗೆ ನಟ್ ಬೆಸೆದದ್ದೇ ತಡ, ಬಣ್ಣ ಸುಟ್ಟು ಕಪ್ಪಾಯಿತು. ತಣ್ಣಗಾಗುವಾಗ ಲೋಹ ಒಂದು ಕಡೆ ಎಳೆದು ನಟ್ ವಾಲಿತು. ಬೋಲ್ಟ್ ನೆಟ್ಟಗಿಲ್ಲದಿದ್ದರೆ ಚಕ್ರ ತನಗೆ ಬೇಕಾದ ಕಡೆಗೇ ತಿರುಗಿ ನಿಲ್ಲುತ್ತದೆ, ಮೇಜು ಹೇಳಿದ ಮಾತು ಕೇಳುವುದಿಲ್ಲ. ಆ ಕೂಲಿಯಲ್ಲಿ ಇನ್ನೊಂದು ಸೆಟ್ ಚಕ್ರವೇ ಬರುತ್ತಿತ್ತು. ಉಳಿದ ಮೂರು ಕಾಲು ಬೇಡ ಅಂತ ಮೇಜು ವಾಪಸ್ ತಂದೆ.

ಇಷ್ಟೆಲ್ಲ ಆದಮೇಲೆ ಅರ್ಥವಾದದ್ದು ಇದು: ಮೇಲಿನ ಭಾರಕ್ಕೆ ಚಕ್ರ ಕೀಳುವುದಿಲ್ಲ. ಸಂದಿಗೆ, ಹೊಸ್ತಿಲಿಗೆ ತಾಗಿದಾಗ ಬೀಳುವ ಅಡ್ಡ ಏಟಿಗೆ ಕೀಳುತ್ತದೆ. ಚಕ್ರವೇ ಸನ್ನೆಕೋಲಾಗಿ ಬುಷ್ಷನ್ನು ಮೀಟುತ್ತದೆ. ಎರಡು ಸೆಂಟಿಮೀಟರಿನ ಬುಷ್ ಎಷ್ಟು ತಡೆದೀತು?

ಹಾಗಾಗಿ ಗೂಟ ಉದ್ದ ಮಾಡಿದೆ. ಪೈಪಿನ ಒಳಗಲದ ಮೂರರಷ್ಟು, ಅಂದರೆ ಸುಮಾರು 100 ಮಿ.ಮೀ. ಚೆನ್ನಾಗಿ ಒಣಗಿದ ಗಟ್ಟಿ ಮರವೇ ಆಗಬೇಕು. ಪೈಪಿನೊಳಗೆ ಬೆಸುಗೆಯ ಏಣು ಒಂದಿರುತ್ತದೆ. ಅದಕ್ಕೆ ಗೂಟದ ಒಂದು ಮುಖದಲ್ಲಿ ಉದ್ದಕ್ಕೂ ತೋಡು ತೆಗೆಯಿರಿ. ಕಾಲಿನ ಮೇಲ್ತುದಿ ಮುಚ್ಚಿದ್ದರೆ ಒಳಗಿನ ಗಾಳಿಯೂ ಅದರಲ್ಲೇ ಹೊರಬರುತ್ತದೆ, ತೋಡು ಇಲ್ಲದಿದ್ದರೆ ಆ ಗಾಳಿ ಗೂಟವನ್ನು ವಾಪಸ್ ತಳ್ಳುತ್ತದೆ.

ಗೂಟದ ಬುಡದಲ್ಲಿ 20 ಮಿ.ಮೀ. ತೂತು. ಅದಕ್ಕೆ ಎಂ12ರ (12 ಮಿ.ಮೀ. ಬೋಲ್ಟಿನ) ಉದ್ದ ನಟ್, ಎರಡು ಬೋಲ್ಟ್ ಜೋಡಿಸಲು ಬಳಸುತ್ತಾರಲ್ಲ, ಅದೇ. ಗೂಟವನ್ನು ವೈಸಿನಲ್ಲಿ ಹಿಡಿದು ಬಡಿದರೆ ನಟ್ಟಿನ ಮೂಲೆಗಳು ಮರ ಕಚ್ಚಿಕೊಳ್ಳುತ್ತವೆ. ವೈಸಿಲ್ಲದೆ ಬಡಿದರೆ ಗೂಟ ಸೀಳುವುದು ಗ್ಯಾರಂಟಿ. ನಟ್ಟಿನ ಸುತ್ತ, ಗೂಟದ ಸುತ್ತ ಎಪಾಕ್ಸಿ, ಅಂದರೆ ಎರಡು ಭಾಗ ಕಲಸಿ ಹಚ್ಚುವ ಗಟ್ಟಿ ಅಂಟು. ಅದರಲ್ಲಿ ನಾನು ಒಂದು ಪುಡಿ ಬೆರೆಸುತ್ತೇನೆ, ಯಾವುದು ಅಂತ ಮಾತ್ರ ಕೇಳಬೇಡಿ.

ಗೂಟ ಪೈಪಿನ ಅಂಚಿಗಿಂತ ಎರಡು ಮಿ.ಮೀ. ಒಳಗಿರಲಿ. ಮೇಲುಗಡೆ ಅಡ್ಡಲಾಗಿ ಪೈಪು, ಗೂಟ ಎರಡನ್ನೂ ತೂರಿ 6 ಮಿ.ಮೀ. ಬೋಲ್ಟ್ ಒಂದು. ಚಕ್ರಕ್ಕೂ ಪೈಪಿಗೂ ನಡುವೆ 38 ಚೌಕದ, 5 ಮಿ.ಮೀ. ದಪ್ಪದ ಕಬ್ಬಿಣದ ಬಿಲ್ಲೆ. ಎಲ್ಲ ಇರುವುದು ಈ ಬಿಲ್ಲೆಯಲ್ಲೇ. ಭಾರ ಬಿಲ್ಲೆಯ ಮೂಲಕ ಪೈಪಿನ ಗೋಡೆಗೇ ಹೋಗುತ್ತದೆ, ಗೂಟದ ಕೆಲಸ ಚಕ್ರವನ್ನು ನೆಟ್ಟಗೆ ಹಿಡಿಯುವುದಷ್ಟೇ. ಎಪಾಕ್ಸಿ ಹಸಿ ಇರುವಾಗಲೇ ಥ್ರೆಡ್ಡಿಗೆ ಮೇಣ ಸವರಿ ಚಕ್ರ ಕೂರಿಸಿ, ಕೈಯಲ್ಲಿ ಮಾತ್ರ ಬಿಗಿಯಿರಿ. ಬಿಲ್ಲೆ ಅಂಚಿಗೆ ಸಮನಾಗಿ ಕೂತರೆ ನಟ್ ತಾನಾಗಿ ನೆಟ್ಟಗಾಗುತ್ತದೆ. ಇದಕ್ಕೆ ಪೈಪಿನ ಅಂಚನ್ನು ಮೊದಲೇ ಅರದಿಂದ ಸಮ ಮಾಡಿರಬೇಕು. ಸ್ಪ್ಯಾನರ್ ಮರುದಿನ.

ಅಂದಹಾಗೆ ಎತ್ತರ. 75 ಮಿ.ಮೀ. ಚಕ್ರ ಹಾಕಿದರೆ ಮೇಜು ಹತ್ತಿರ ಹತ್ತಿರ 100 ಮಿ.ಮೀ. ಏರುತ್ತದೆ. ಕಾಲು ಕತ್ತರಿಸುವಾಗ ಬಿಲ್ಲೆಯ ದಪ್ಪವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇದೇ ಹುರುಪಿನಲ್ಲಿ ಓರೆ ಕಾಲಿನ ಸ್ಟೂಲಿಗೂ ಕೈ ಹಾಕಿದೆ. ಕಾಲಿನ ತುದಿಯನ್ನು ನೆಲಕ್ಕೆ ಸಮನಾಗಿ ಕೊಯ್ದು, ನಟ್ಟಿನ ತೂತನ್ನು ಓರೆಯಾಗಿ ಕೊರೆದೆ. ಚಕ್ರವೇನೋ ನೆಟ್ಟಗೆ ಕೂತಿತು. ಆದರೆ ಮೇಲೆ ಕೂತರೆ ನಾಲ್ಕೂ ಕಾಲು ಹೊರಕ್ಕೆ ಜಾರಲು ನೋಡುತ್ತವೆ. ಮೊದಲು ನೆಲದ ಹಿಡಿತ ತಡೆಯುತ್ತಿತ್ತು, ಚಕ್ರ ಬಂದಮೇಲೆ ಆ ಹಿಡಿತವೇ ಇಲ್ಲ, ಅಲ್ವಾ? ಕಾಲುಗಳ ನಡುವೆ ಅಡ್ಡಪಟ್ಟಿ ಕೊಡದೆ ಇದನ್ನು ಯಾರೂ ಮಾಡಬೇಡಿ.

ಚಕ್ರ ಯಾವುದು ಅಂದರೆ, ನೈಲಾನ್ ಹಗುರಾಗಿ ಓಡುತ್ತದೆ, ಸದ್ದು ಜಾಸ್ತಿ. ರಬ್ಬರು ನೆಲಕ್ಕೆ ಕಪ್ಪು ಗೆರೆ ಬಿಡಬಹುದು. ನಾನು ಪಾಲಿಯುರೆಥೇನ್ ಅನ್ನುವ ರಬ್ಬರಿನಂಥ ಪ್ಲಾಸ್ಟಿಕ್ಕಿನಲ್ಲಿ ನಿಂತಿದ್ದೇನೆ. ಬ್ರೇಕ್ ನಾಲ್ಕಕ್ಕೂ ಬೇಕು, ಅದೂ ತಿರುಗುವುದನ್ನೂ ಹಿಡಿಯುವಂಥದ್ದು. ಎರಡಕ್ಕೇ ಹಾಕಿ ದುಡ್ಡು ಉಳಿಸಿದರೆ ಅರ ಹಾಕುವಾಗ ಮೇಜು ಬಾಲ ಅಲ್ಲಾಡಿಸುತ್ತದೆ. ಹೊಸದರಲ್ಲಿ ಒಂದೆರಡು ವಾರ ಓಡಿಸಿದ ಮೇಲೆ ಬೋಲ್ಟುಗಳಿಗೆ ಮತ್ತೊಮ್ಮೆ ಸ್ಪ್ಯಾನರ್ ಹಾಕಿ, ಕಾಲು ಸುತ್ತಾದರೂ ಒಳಗೆ ಹೋಗುತ್ತದೆ.