ಕಝಾಕ್ ಸಿನಿಮಾವನ್ನು ಬುಡದಿಂದ ನೋಡುವ ಕ್ರಮ

ಒಂದು ದೇಶದ ಸಿನಿಮಾವನ್ನು ಅರಿಯಲು ಹೊರಟವರು ಸಾಮಾನ್ಯವಾಗಿ ಇಸವಿಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಮೊದಲ ಚಿತ್ರದಿಂದಲೇ ಶುರುಮಾಡುತ್ತಾರೆ. ಮಧ್ಯ ಏಷ್ಯಾದ ಕಝಾಕಿಸ್ತಾನದ, ಅಂದರೆ ಕಝಾಕ್ ಸಿನಿಮಾದ ಮಟ್ಟಿಗೆ ಆ ದಾರಿ ಬೇಗ ದಣಿಸುತ್ತದೆ. ಆ ನಾಡಿನ ಮೊದಲ ಕಥಾಚಿತ್ರವೆಂದು ಹೆಸರಾದ ಚಿತ್ರವನ್ನು ತಯಾರಿಸಿದ್ದು ಲೆನಿನ್‌ಗ್ರಾಡಿನ ಸ್ಟುಡಿಯೊ, ನಿರ್ದೇಶಿಸಿದವರು ಹೊರಗಿನವರು. ಅದನ್ನೇ ಮೊದಲು ನೋಡಿದರೆ ಮುಂದೆ ಬಂದದ್ದಕ್ಕೂ ಅದಕ್ಕೂ ಇರುವ ಅಂತರ ತಿಳಿಯುವುದೇ ಇಲ್ಲ. ಆದ್ದರಿಂದ ನಾನು ಸೂಚಿಸುವ ಕ್ರಮ ಬೇರೆ. 1963ರ ಒಂದು ಮಕ್ಕಳ ಚಿತ್ರದಿಂದ ತೊಡಗಿ, ಅಲ್ಲಿಂದ 1929ಕ್ಕೆ ಹಿಂದಿರುಗಿ, ಬಳಿಕ ಇಂದಿನವರೆಗೆ ನಡೆದು ಬನ್ನಿ. ದಾರಿಯುದ್ದಕ್ಕೂ ಒಂದೇ ಪ್ರಶ್ನೆಯನ್ನು ಕೈಬಿಡಬೇಡಿ: ಈ ವಿಶಾಲವಾದ ಹುಲ್ಲುಬಯಲನ್ನು ನೋಡುತ್ತಿರುವ ಕಣ್ಣು ಯಾರದು?

ಹುಡುಕಾಟಕ್ಕೆ ಮೊದಲು ಹೆಸರುಗಳ ಗೊಂದಲವನ್ನು ಬಗೆಹರಿಸಿಕೊಳ್ಳಬೇಕು. ಸೋವಿಯತ್ ಕಾಲದ ಪ್ರತಿ ಚಿತ್ರಕ್ಕೂ ರಷ್ಯನ್ ಹೆಸರೊಂದು, ಕಝಾಕ್ ಹೆಸರೊಂದು ಇರುವುದು ಸಾಮಾನ್ಯ. ರೋಮನ್ ಲಿಪಿಗೆ ಬರುವಾಗ ಒಂದೇ ಹೆಸರು ಮೂರು ನಾಲ್ಕು ಬಗೆಯ ಕಾಗುಣಿತಗಳಾಗಿ ಒಡೆಯುತ್ತದೆ, ಆದ್ದರಿಂದ ಸಿರಿಲಿಕ್ ಲಿಪಿಯ ಹೆಸರನ್ನು ನಕಲು ಮಾಡಿಕೊಂಡು ಹುಡುಕುವುದು ಒಳ್ಳೆಯದು. ಇಂದಿನ ಅಲ್ಮಾಟಿ ನಗರ ಹಳೆಯ ದಾಖಲೆಗಳಲ್ಲಿ ಅಲ್ಮಾ-ಅತಾ ಆಗಿರುತ್ತದೆ ಎಂಬುದೂ ನೆನಪಿರಲಿ. ಹಳೆಯ ಚಿತ್ರಗಳಲ್ಲಿ ಹಲವು ಯೂಟ್ಯೂಬಿನಲ್ಲಿ ಸಿಗುತ್ತವೆ. ಒಂದೇ ಚಿತ್ರದ ಎರಡು ಧ್ವನಿಪಥಗಳು ಸಿಕ್ಕಿದರೆ, ಎರಡೂ ಭಾಷೆ ತಿಳಿಯದಿದ್ದರೂ, ಕಝಾಕ್ ಧ್ವನಿಪಥವನ್ನೇ ಆರಿಸಿಕೊಳ್ಳಿ. ಅಜ್ಜಿಯೊಬ್ಬಳು ಮೊಮ್ಮಗನನ್ನು ಗದರುವ ದನಿಯಲ್ಲಿ ಇರುವ ವಾತ್ಸಲ್ಯ ರಷ್ಯನ್ ಡಬ್ಬಿಂಗಿನಲ್ಲಿ ಉಳಿದಿರುವುದಿಲ್ಲ.

ನಾನು ಹೇಳಿದ ಮಕ್ಕಳ ಚಿತ್ರ ಅಬ್ದುಲ್ಲಾ ಕರ್ಸಕ್‌ಬಾಯೆವ್ ಅವರ 'ನನ್ನ ಹೆಸರು ಕೋಜಾ'. ಬೆರ್ದಿಬೆಕ್ ಸೊಕ್ಪಕ್‌ಬಾಯೆವ್ ಅವರ ಕಿರುಕಾದಂಬರಿ ಇದಕ್ಕೆ ಆಧಾರ. ತಂದೆಯನ್ನು ಕಳೆದುಕೊಂಡು ತಾಯಿ ಮತ್ತು ಅಜ್ಜಿಯ ಜೊತೆ ಬೆಳೆಯುತ್ತಿರುವ ತುಂಟ ಹುಡುಗನೊಬ್ಬನ ಕಥೆ ಇದು. ತಾಯಿ ಮರುಮದುವೆಯಾಗುವಳೋ ಎಂಬ ಅಳುಕು ಅವನ ತುಂಟತನದ ಒಳಗೆ ಸದಾ ಇರುತ್ತದೆ. ಈ ಚಿತ್ರದಲ್ಲಿ ಯಾರೂ ಯಾರಿಗೂ ತಮ್ಮ ನಾಡನ್ನು ಪರಿಚಯ ಮಾಡಿಕೊಡುವುದಿಲ್ಲ. ಬೆಟ್ಟದ ಇಳಿಜಾರು, ಕುದುರೆ, ಉಣ್ಣೆಯ ಗುಡಾರ ಎಲ್ಲವೂ ಇವೆ, ಆದರೆ ನಮ್ಮ ಮನೆಯ ಜಗಲಿ ನಮಗೆ ಹೇಗೆ ಇರುತ್ತದೋ ಹಾಗೆ ಇವೆ. ಚಿತ್ರ ಮುಗಿದ ಮೇಲೆ ಕ್ಯಾಮೆರಾ ಯಾವ ಯಾವ ವಸ್ತುವಿನ ಮೇಲೆ ಬೇಕೆಂದೇ ನಿಂತಿತು, ಯಾವುದನ್ನು ಲಕ್ಷಿಸದೆ ದಾಟಿಹೋಯಿತು ಎಂದು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಮುಂದೆ ನೋಡುವ ಎಲ್ಲ ಚಿತ್ರಗಳಿಗೂ ಈ ಹಾಳೆಯೇ ಅಳತೆಗೋಲು.

ಈಗ 1929ಕ್ಕೆ ಹೋಗಿ, ವಿಕ್ಟರ್ ತೂರಿನ್ ಅವರ 'ತುರ್ಕ್‌ಸಿಬ್' ಎಂಬ ಮೂಕ ಸಾಕ್ಷ್ಯಚಿತ್ರವನ್ನು ನೋಡಿ. ತುರ್ಕಿಸ್ತಾನವನ್ನು ಸೈಬೀರಿಯಾಕ್ಕೆ ಜೋಡಿಸುವ, 1,400 ಕಿಲೊಮೀಟರಿಗೂ ಮಿಕ್ಕಿ ಉದ್ದದ ರೈಲುಹಾದಿ ಅದರ ವಸ್ತು. ದಕ್ಷಿಣದ ಹೊಲಗಳು ಹತ್ತಿ ಬೆಳೆಯಬೇಕಾದರೆ ಉತ್ತರದ ಧಾನ್ಯ ಅಲ್ಲಿಗೆ ಬರಬೇಕು ಎಂಬ ಆರ್ಥಿಕ ತರ್ಕವನ್ನು ಅದು ಬಹು ಸಮರ್ಥವಾಗಿ ದೃಶ್ಯವಾಗಿಸುತ್ತದೆ. ಹೊಸ ರೈಲಿನೊಂದಿಗೆ ಅಲೆಮಾರಿ ದನಗಾಹಿಗಳು ಕುದುರೆ, ಒಂಟೆಗಳ ಮೇಲೆ ಪಂದ್ಯ ಕಟ್ಟಿದಂತೆ ಓಡುವ ದೃಶ್ಯ ಜಗತ್ತಿನ ಸಾಕ್ಷ್ಯಚಿತ್ರಗಳ ಇತಿಹಾಸದಲ್ಲೇ ಹೆಸರಾದದ್ದು. ಅದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಅಲ್ಲಿ ಕಝಾಕರು ಇದ್ದಾರೆ, ಆದರೆ ನೋಡಿಸಿಕೊಳ್ಳುವವರಾಗಿ ಮಾತ್ರ. ಇದಾದ ಕೆಲವೇ ವರ್ಷಗಳಲ್ಲಿ, ಬಲವಂತದ ಸಾಮೂಹಿಕ ಕೃಷಿ ಮತ್ತು ದನಕರುಗಳ ಜಪ್ತಿಯಿಂದಾಗಿ 1930ರಿಂದ 1933ರ ನಡುವೆ ಸುಮಾರು 15 ಲಕ್ಷ ಜನ ಕಝಾಕಿಸ್ತಾನದಲ್ಲಿ ಹಸಿವಿನಿಂದ ಸತ್ತರು. ಆ ಕ್ಷಾಮ ಕಥಾಚಿತ್ರದ ತೆರೆಯ ಮೇಲೆ ಬರಲು ಸೋವಿಯತ್ ಒಕ್ಕೂಟದ ಕೊನೆಯ ದಿನಗಳೇ ಬರಬೇಕಾಯಿತು.

ಮುಂದಿನದು ಆರಂಭದಲ್ಲಿ ಹೇಳಿದ ಮೊದಲ ಕಥಾಚಿತ್ರ, 1938ರಲ್ಲಿ ಲೆನಿನ್‌ಗ್ರಾಡಿನ ಲೆನ್‌ಫಿಲ್ಮ್ ಸ್ಟುಡಿಯೊ ತಯಾರಿಸಿದ, ಮೊಯಿಸೆಯ್ ಲೆವಿನ್ ನಿರ್ದೇಶನದ 'ಅಮಾಂಗೆಲ್ದಿ'. ಮೊದಲ ಮಹಾಯುದ್ಧದ ರಣರಂಗದ ಹಿಂಬದಿಯ ದುಡಿಮೆಗೆ ಮಧ್ಯ ಏಷ್ಯಾದ ಗಂಡಸರನ್ನು ಕಡ್ಡಾಯವಾಗಿ ಎಳೆದೊಯ್ಯುವ ರಷ್ಯಾದ ಚಕ್ರವರ್ತಿಯ ಆಜ್ಞೆಯ ವಿರುದ್ಧ 1916ರಲ್ಲಿ ನಡೆದ ದಂಗೆ, ಅದರ ನಾಯಕ ಅಮಾಂಗೆಲ್ದಿ ಇಮಾನೊವ್, ಇವು ಇಲ್ಲಿನ ವಸ್ತು. ಚಿತ್ರವನ್ನು ನೋಡುವಾಗ ಎರಡು ಸಂಗತಿಗಳನ್ನು ಜೊತೆಗಿಟ್ಟುಕೊಳ್ಳಬೇಕು. ಚಿತ್ರಕಥೆಯನ್ನು ಬರೆದವರಲ್ಲಿ ಗಬಿತ್ ಮುಸ್ರೆಪೊವ್ ಮತ್ತು ಬೆಯಿಂಬೆತ್ ಮೈಲಿನ್ ಎಂಬ ಇಬ್ಬರು ಕಝಾಕ್ ಲೇಖಕರಿದ್ದರು. ಚಿತ್ರ ತೆರೆ ಕಾಣುವ ಹೊತ್ತಿಗೆ ಮೈಲಿನ್ ಸ್ಟಾಲಿನ್ ಕಾಲದ ದಮನಕ್ಕೆ ಬಲಿಯಾಗಿದ್ದರು. ಇನ್ನೊಂದು, ನಾಯಕನ ಪಾತ್ರ ವಹಿಸಿದ ಎಲುಬಾಯ್ ಉಮುರ್ಜಾಕೊವ್ ಅವರ ಮುಖ. ಆ ಮುಖವನ್ನು ಮುಂದೆ ಇನ್ನೊಂದು ಚಿತ್ರದಲ್ಲಿ, ಮುಪ್ಪಿನಲ್ಲಿ, ಮತ್ತೆ ಕಾಣಲಿದ್ದೀರಿ.

ಎರಡನೇ ಮಹಾಯುದ್ಧದ ಕಾಲದ ಅಧ್ಯಾಯವನ್ನು ಹೆಚ್ಚಿನ ಬರಹಗಳು ಬಹಳ ಉಬ್ಬಿಸುತ್ತವೆ. ಜರ್ಮನ್ ಸೇನೆ ಸಮೀಪಿಸಿದಾಗ ಮಾಸ್ಕೊ ಮತ್ತು ಲೆನಿನ್‌ಗ್ರಾಡಿನ ಸ್ಟುಡಿಯೊಗಳನ್ನು ಅಲ್ಮಾ-ಅತಾಕ್ಕೆ ಸಾಗಿಸಿ, 1941ರಿಂದ 1944ರವರೆಗೆ ಕೇಂದ್ರ ಸಂಯುಕ್ತ ಸ್ಟುಡಿಯೊ ಎಂಬ ಹೆಸರಿನಲ್ಲಿ ಅಲ್ಲಿಂದಲೇ ಕೆಲಸ ನಡೆಸಲಾಯಿತು. ಸೆರ್ಗೆಯ್ ಐಸೆನ್‌ಸ್ಟೈನ್ 'ಇವಾನ್ ದಿ ಟೆರಿಬಲ್' ಚಿತ್ರೀಕರಿಸಿದ್ದು ಇಲ್ಲಿಯೇ. ಆದರೆ ಆ ಚಿತ್ರ ಕಝಾಕ್ ಸಿನಿಮಾ ಅಲ್ಲ. ಅದನ್ನು ಈ ಪಟ್ಟಿಗೆ ಸೇರಿಸಿಕೊಂಡು ಹಿಗ್ಗುವುದರಿಂದ ಏನೂ ತಿಳಿಯುವುದಿಲ್ಲ. ಯುದ್ಧ ಮುಗಿದು ಅತಿಥಿಗಳು ಹೊರಟ ಮೇಲೆ ಉಳಿದದ್ದು ಕಸುಬು ಬಲ್ಲ ಕೈಗಳು ಮತ್ತು ಸ್ಥಳೀಯ ಸ್ಟುಡಿಯೊ. ಕಝಾಕ್ ಕವಿ ಅಬಾಯ್ ಕುರಿತ 1945ರ 'ಅಬಾಯನ ಹಾಡುಗಳು' ಆ ಉಳಿಕೆಯ ಮೊದಲ ಫಲ. ಅದರ ಚಿತ್ರಕಥೆಯಲ್ಲಿ ಕಾದಂಬರಿಕಾರ ಮುಖ್ತಾರ್ ಔಯೆಜೊವ್ ಅವರ ಪಾಲಿದ್ದು, ಮಾತಿನ ಸ್ಪರ್ಧೆಯನ್ನೇ ಕಾಳಗವಾಗಿಸುವ ಅಕಿನ್ ಎಂಬ ಆಶುಕವಿಗಳ ಪರಂಪರೆ ಅಲ್ಲಿ ತೆರೆಗೆ ಬರುತ್ತದೆ.

ಇಲ್ಲಿಂದ ಮುಂದೆ ಶಾಕೆನ್ ಐಮಾನೊವ್ ಅವರ ಹೆಸರು ದಾರಿದೀಪ. 1914ರಲ್ಲಿ ಬಾಯಾನ್-ಔಲ್ ಸೀಮೆಯಲ್ಲಿ ಹುಟ್ಟಿ, ರಂಗಭೂಮಿಯ ನಟರಾಗಿ ಪಳಗಿ, 1952ರ 'ಜಂಬುಲ್'ನಲ್ಲಿ ಜನಪದ ಕವಿಯ ಪಾತ್ರ ವಹಿಸಿ, 1954ರಿಂದ ನಿರ್ದೇಶನಕ್ಕಿಳಿದ ಇವರನ್ನು ಕಝಾಕರು ತಮ್ಮ ಸಿನಿಮಾದ ತಂದೆಯೆಂದು ಗೌರವಿಸುತ್ತಾರೆ. 1960ರಲ್ಲಿ ಕಝಾಕ್‌ಫಿಲ್ಮ್ ಎಂಬ ಹೆಸರು ಪಡೆದ ಸ್ಟುಡಿಯೊ ಇಂದು ಅವರ ಹೆಸರನ್ನೇ ಹೊತ್ತಿದೆ. ಅವರ ಚಿತ್ರಗಳನ್ನೆಲ್ಲ ನೋಡಲು ವ್ಯವಧಾನವಿಲ್ಲದಿದ್ದರೆ ಎರಡನ್ನು ಮಾತ್ರ ತಪ್ಪಿಸಬೇಡಿ. ಒಂದು, 1964ರ 'ಅಲ್ದಾರ್-ಕೊಸೆ'. ಸಿರಿವಂತರನ್ನು ಮಾತಿನಲ್ಲೇ ಸೋಲಿಸುವ ಜನಪದದ ಚತುರನ ಪಾತ್ರವನ್ನು ಇಲ್ಲಿ ನಿರ್ದೇಶಕರೇ ವಹಿಸಿದ್ದಾರೆ.

ಇನ್ನೊಂದು 1966ರ 'ಅತಾಮೆಕೆನ್', ಅಂದರೆ 'ತಂದೆಯರ ನೆಲ'. ಕವಿ ಒಲ್ಜಾಸ್ ಸುಲೇಮೆನೊವ್ ಇದರ ಚಿತ್ರಕಥೆಗಾರರು. ಯುದ್ಧದಲ್ಲಿ ಮಡಿದು ದೂರದ ರಷ್ಯಾದಲ್ಲಿ ಮಣ್ಣಾದ ಮಗನ ಅಸ್ಥಿಯನ್ನು ಹುಟ್ಟೂರಿನ ನೆಲಕ್ಕೆ ತರಬೇಕೆಂದು ಮುದುಕನೊಬ್ಬ ಮೊಮ್ಮಗನೊಡನೆ ರೈಲು ಹತ್ತುತ್ತಾನೆ. ಆ ಮುದುಕನೇ ಎಲುಬಾಯ್ ಉಮುರ್ಜಾಕೊವ್. ಅಂದು ಬಂದೂಕು ಹಿಡಿದು ಕುದುರೆಯೇರಿದ್ದ ದಂಗೆಯ ನಾಯಕ ಇಲ್ಲಿ ರೈಲಿನ ಕಿಟಕಿಯ ಪಕ್ಕದಲ್ಲಿ ಮಾತು ಕಡಿಮೆ ಮಾಡಿ ಕೂತಿದ್ದಾನೆ. 'ತುರ್ಕ್‌ಸಿಬ್'ನಲ್ಲಿ ರೈಲು ಬಯಲಿನೊಳಗೆ ನುಗ್ಗಿ ಬಂದಿತ್ತು. ಇಲ್ಲಿ ಬಯಲಿನ ಮನುಷ್ಯ ಅದೇ ರೈಲಿನೊಳಗೆ ಕೂತು ಹೊರಗಿನ ಲೋಕವನ್ನು ಅಳೆಯುತ್ತಾನೆ. ಬಯಲನ್ನು ನೋಡುವ ಕಣ್ಣು ಹೊರಗಿನವರದಾಗಿದ್ದುದು ಕಝಾಕರದಾದ ಗಳಿಗೆ ಯಾವುದೆಂದು ಯಾರಾದರೂ ಕೇಳಿದರೆ ನಾನು ಈ ಚಿತ್ರವನ್ನೇ ತೋರಿಸುತ್ತೇನೆ. ಐಮಾನೊವ್ 1970ರ ಡಿಸೆಂಬರಿನಲ್ಲಿ ಮಾಸ್ಕೊದಲ್ಲಿ ವಾಹನ ಬಡಿದು ತೀರಿಕೊಂಡರು. ಅವರ ಕೊನೆಯ ಚಿತ್ರ 'ಅತಮಾನನ ಅಂತ್ಯ' (ಅತಮಾನ ಎಂದರೆ ಕೊಸಾಕ್ ಪಡೆಯ ನಾಯಕ) ಬೇಹುಗಾರಿಕೆಯ ಕಥೆಯಾಗಿದ್ದು, ನಟ ಅಸನಾಲಿ ಅಶಿಮೊವ್ ಅವರನ್ನು ಮನೆಮಾತಾಗಿಸಿತು.

ಸುಲ್ತಾನ್-ಅಹ್ಮೆತ್ ಖೊಜಿಕೊವ್ ಅವರ 'ಕಿಜ್-ಜಿಬೆಕ್' 1970ರಲ್ಲಿ ತಯಾರಾಯಿತು. ಕಝಾಕರು ತಲೆಮಾರುಗಳಿಂದ ಹಾಡಿಕೊಂಡು ಬಂದ ಪ್ರೇಮಕಾವ್ಯ ಇದಕ್ಕೆ ಆಧಾರ. ಚಿತ್ರಕಥೆ ಮುಸ್ರೆಪೊವ್ ಅವರದು, ಸಂಗೀತ ನುರ್ಗಿಸಾ ತ್ಲೆಂದಿಯೆವ್ ಅವರದು. ಸಂಗೀತಕ್ಕಾಗಿಯೇ ಇದನ್ನು ಒಮ್ಮೆ ಕಣ್ಣು ಮುಚ್ಚಿಕೊಂಡು ಕೇಳಬಹುದು. ಆದರೆ ನೋಡುವಾಗ ಗಮನ ಬಟ್ಟೆಬರೆ ಮತ್ತು ಗುಡಾರದ ಒಳಾಂಗಣದ ಮೇಲಿರಲಿ. ಚಿತ್ರಕಲಾವಿದೆ ಗುಲ್ಫೈರುಸ್ ಇಸ್ಮಾಯಿಲೊವಾ ಕಲಾವಿನ್ಯಾಸದ ಹೊಣೆ ಹೊತ್ತದ್ದಲ್ಲದೆ ನಾಯಕಿಯ ತಾಯಿಯಾಗಿ ಅಭಿನಯಿಸಿಯೂ ಇದ್ದಾರೆ. ಅಲೆಮಾರಿ ಬದುಕನ್ನು ಹಿಂದುಳಿದದ್ದೆಂದು ತೋರಿಸುವುದೇ ರೂಢಿಯಾಗಿದ್ದ ವ್ಯವಸ್ಥೆಯೊಳಗೆ, ಅದೇ ಬದುಕಿನ ಘನತೆಯನ್ನೂ ಸೊಬಗನ್ನೂ ಬಣ್ಣದ ತೆರೆಯ ಮೇಲೆ ಇಷ್ಟು ವಿಸ್ತಾರವಾಗಿ ಬಿಡಿಸಿಟ್ಟದ್ದು ಸಣ್ಣ ಸಾಹಸವಲ್ಲ. ತೊಲೆಗೆನ್ ಮತ್ತು ಜಿಬೆಕ್ ಅವರ ಪ್ರೇಮವನ್ನು ಹೊರಗಿನ ಶತ್ರು ನಾಶಮಾಡುವುದಿಲ್ಲ, ಕುಲಗಳ ನಡುವಿನ ಮತ್ಸರ ನಾಶಮಾಡುತ್ತದೆ. ಇದನ್ನು ಗಮನಿಸದೆ ಬರೀ ಬಣ್ಣಕ್ಕೆ ಮರುಳಾದರೆ ಚಿತ್ರದ ಅರ್ಧ ಭಾಗ ಕೈತಪ್ಪುತ್ತದೆ.

ಎಪ್ಪತ್ತರ ದಶಕದ ಉಳಿದ ಭಾಗವನ್ನು ಬೇಗ ದಾಟಬಹುದು. ಔಯೆಜೊವ್ ಅವರ ಕಥೆಯನ್ನಾಧರಿಸಿ ಕಿರ್ಗಿಜ್ ನಿರ್ದೇಶಕ ತೊಲೊಮುಶ್ ಒಕೆಯೆವ್ ಮಾಡಿದ 'ಲ್ಯೂತಿ' (1973) ಮಾತ್ರ ಬಿಡುವಂತಿಲ್ಲ. ತೋಳದ ಮರಿಯೊಂದನ್ನು ಸಾಕುವ ಹುಡುಗನ ಕಥೆಯಲ್ಲಿ ಮನುಷ್ಯರ ಕ್ರೌರ್ಯ ಮೆಲ್ಲಗೆ ತೆರೆದುಕೊಳ್ಳುತ್ತದೆ. ಮಕ್ಕಳಿದ್ದ ಮನೆಯಾದರೆ ಕಝಾಕ್ ಅನಿಮೇಷನ್ನಿನ ಮೊದಲ ಹೆಜ್ಜೆಯಾದ, ಅಮೆನ್ ಖೈದರೊವ್ ಅವರ 1967ರ ಕಿರುಚಿತ್ರವನ್ನೂ ನೋಡಿ. ಸ್ವಾಲೊ ಹಕ್ಕಿಯ ಬಾಲ ಏಕೆ ಕವಲೊಡೆದಿದೆ ಎಂಬ ಜನಪದ ಕಥೆ ಅದರದು.

1984ರಲ್ಲಿ ಮಾಸ್ಕೊದ ರಾಜ್ಯ ಸಿನಿಮಾ ಶಾಲೆಯಲ್ಲಿ ನಿರ್ದೇಶಕ ಸೆರ್ಗೆಯ್ ಸೊಲೊವ್ಯೊವ್ ಕಝಾಕ್ ಯುವಕರಿಗಾಗಿಯೇ ಒಂದು ತರಗತಿ ತೆರೆದರು. ಅಲ್ಲಿಂದ ಬಂದವರನ್ನೂ ಅವರ ಓರಗೆಯವರನ್ನೂ 'ಕಝಾಕ್ ಹೊಸ ಅಲೆ' ಎಂದು ಕರೆಯುವುದು ವಾಡಿಕೆ. ಇಲ್ಲಿ ಚಿತ್ರಗಳನ್ನು ಒಂದೊಂದಾಗಿ ನೋಡಬೇಡಿ, ಎರಡೆರಡಾಗಿ ಜೋಡಿಸಿ ನೋಡಿ. ರಶೀದ್ ನುಗ್ಮಾನೊವ್ ವಿದ್ಯಾರ್ಥಿಯಾಗಿದ್ದಾಗಲೇ ಮಾಡಿದ 'ಇಗ್ಲಾ' (ಅಂದರೆ ಸೂಜಿ, 1988), ಸೆರಿಕ್ ಅಪ್ರಿಮೊವ್ ಅವರ 'ಕೊನೆಯ ನಿಲ್ದಾಣ' (1989) ಮೊದಲ ಜೋಡಿ. 'ಇಗ್ಲಾ'ದಲ್ಲಿ ರಾಕ್ ಗಾಯಕ ವಿಕ್ಟರ್ ತ್ಸೊಯ್ ಮಾದಕವಸ್ತುವಿನ ಜಾಲದಿಂದ ಗೆಳತಿಯನ್ನು ಬಿಡಿಸಲು ಹೆಣಗುತ್ತಾನೆ, ಅವಳನ್ನು ಬತ್ತಿಹೋದ ಆರಲ್ ಸಮುದ್ರದ ತಳಕ್ಕೆ ಕರೆದೊಯ್ಯುತ್ತಾನೆ. ಅಲ್ಲಿನ ಮರಳಿನಲ್ಲಿ ಹೂತ ಹಡಗುಗಳು ಹತ್ತಿಯ ಬೇಸಾಯಕ್ಕಾಗಿ ನದಿಗಳನ್ನು ತಿರುಗಿಸಿದ್ದರ ಪರಿಣಾಮ. 'ತುರ್ಕ್‌ಸಿಬ್' ಅಷ್ಟು ಹುರುಪಿನಿಂದ ಮಾತಾಡಿದ್ದು ಇದೇ ಹತ್ತಿಯ ಬಗ್ಗೆ. 'ಕೊನೆಯ ನಿಲ್ದಾಣ'ದಲ್ಲಿ ಸೈನ್ಯದ ಸೇವೆ ಮುಗಿಸಿ ಹಳ್ಳಿಗೆ ಮರಳಿದ ಯುವಕ ಕುಡಿತ, ಜಗಳ, ಬೇಸರಗಳ ನಡುವೆ ತನಗೆ ಜಾಗವಿಲ್ಲವೆಂದು ಕಂಡುಕೊಳ್ಳುತ್ತಾನೆ. ನಿರ್ದೇಶಕರು ಇದನ್ನು ಚಿತ್ರೀಕರಿಸಿದ್ದು ತಮ್ಮ ಹುಟ್ಟೂರಿನಲ್ಲಿಯೇ. ಕೋಜಾನ ಹಳ್ಳಿಯನ್ನು ಕಂಡು ಬಂದವರಿಗೆ ಈ ಹಳ್ಳಿ ಎದೆಗೆ ತಾಗದೆ ಇರದು.

ಎರಡನೆಯ ಜೋಡಿ ಇತಿಹಾಸದ್ದು. ಅರ್ದಾಕ್ ಅಮಿರ್ಕುಲೊವ್ ಅವರ 'ಒತ್ರಾರಿನ ಪತನ' (1991) ಚಂಗೀಸ್ ಖಾನನ ಸೇನೆ ಒತ್ರಾರ್ ನಗರವನ್ನು ಮುತ್ತಿ ಹಾಳುಗೆಡಹಿದ ಕಥೆಯಾದರೆ, ಅದೇ ವರ್ಷದ ದಾಮಿರ್ ಮನಾಬಾಯ್ ಅವರ 'ಸುರ್ಜೆಕೆಯ್' ಮೂವತ್ತರ ದಶಕದ ಆ ಕ್ಷಾಮದ ವಿನಾಶವನ್ನು ಎದುರಿಸುತ್ತದೆ. ಅರವತ್ತು ವರ್ಷ ತುಟಿ ಬಿಚ್ಚದೆ ಇದ್ದ ದುಃಖಕ್ಕೆ ಸಿನಿಮಾ ಬಾಯಾದದ್ದು ಹೀಗೆ. ಇವೆರಡನ್ನೂ ಒಂದೇ ದಿನ ನೋಡಬೇಡಿ.

ಬಳಿಕ ದರೆಜಾನ್ ಒಮಿರ್‌ಬಾಯೆವ್. ಗಣಿತ ಓದಿ ಸಿನಿಮಾಕ್ಕೆ ಬಂದ ಇವರ ಚಿತ್ರಗಳಲ್ಲಿ ಮಾತು ಕಡಿಮೆ, ಮುಖಗಳು ನಿರ್ಲಿಪ್ತ. ಮೊದಲ ಅರ್ಧ ಗಂಟೆ ಸಹನೆ ಬೇಕು. 'ಕಾರ್ಡಿಯೊಗ್ರಾಮ್' (1995) ಒಳ್ಳೆಯ ಪ್ರವೇಶದ್ವಾರ. ಕಝಾಕ್ ಮಾತ್ರ ಬಲ್ಲ ಹಳ್ಳಿಯ ಹುಡುಗ ಚಿಕಿತ್ಸೆಗೆಂದು ರಷ್ಯನ್ ಮಾತಾಡುವ ಮಕ್ಕಳ ಆರೋಗ್ಯಧಾಮಕ್ಕೆ ಬರುತ್ತಾನೆ. ತನ್ನದೇ ನಾಡಿನಲ್ಲಿ ತನ್ನ ಭಾಷೆ ನಡೆಯದ ಮಗುವಿನ ಒಂಟಿತನವನ್ನು ಇಷ್ಟು ಶಾಂತವಾಗಿ ಹೇಳಿದ ಇನ್ನೊಂದು ಚಿತ್ರ ನನಗೆ ತಿಳಿದಿಲ್ಲ. ಧ್ವನಿಪಥದ ಬಗ್ಗೆ ಆರಂಭದಲ್ಲಿ ಹೇಳಿದ ಮಾತು ಇಲ್ಲಿ ಚಿತ್ರದ ತಿರುಳೇ ಆಗಿದೆ. ಕಾನ್ ಉತ್ಸವದಲ್ಲಿ 'ಅನ್ ಸರ್ಟೇನ್ ರಿಗಾರ್' ವಿಭಾಗದ ಬಹುಮಾನ ಪಡೆದ 'ಕಿಲ್ಲರ್' (1998) ಸಾಲದ ಸುಳಿಗೆ ಸಿಕ್ಕ ಚಾಲಕನೊಬ್ಬನ ಮೂಲಕ ಸ್ವಾತಂತ್ರ್ಯಾನಂತರದ ಆರ್ಥಿಕ ಕುಸಿತವನ್ನು ತೋರಿಸುತ್ತದೆ.

ಸ್ವತಂತ್ರ ಕಝಾಕಿಸ್ತಾನದ ಎರಡು ಮುಖಗಳನ್ನು ಕಾಣಲು 2005ರ 'ನೊಮಾಡ್' ಮತ್ತು 2008ರ 'ತುಲ್ಪಾನ್' ಚಿತ್ರಗಳನ್ನು ಎದುರುಬದುರಾಗಿ ಇಡಿ. ಮೊದಲನೆಯದು ಸರ್ಕಾರದ ಬೆಂಬಲದಿಂದ, ಸುಮಾರು 4 ಕೋಟಿ ಡಾಲರ್ ವೆಚ್ಚದಲ್ಲಿ, ಅಬ್ಲಾಯ್ ಖಾನನ ಯೌವನವನ್ನು ಜಗತ್ತಿಗೆ ಸಾರಲೆಂದು ಮಾಡಿದ್ದು. ರಾಷ್ಟ್ರವೀರನ ಪಾತ್ರಕ್ಕೆ ಮೆಕ್ಸಿಕೊದ ನಟನನ್ನು ಕರೆತರಲಾಯಿತು. ಎರಡನೆಯದರಲ್ಲಿ ಸೆರ್ಗೆಯ್ ದ್ವೊರ್ತ್ಸೆವೊಯ್ ಧೂಳಿನ ಸುಂಟರಗಾಳಿಯ ನಡುವೆ ಒಂದು ಕುರಿಗಾಹಿ ಕುಟುಂಬದೊಳಗೆ ಕ್ಯಾಮೆರಾ ಇಡುತ್ತಾರೆ. ನೌಕಾದಳದಿಂದ ಮರಳಿದ ಆಸಾ ಮದುವೆಯಾದರೆ ಮಾತ್ರ ಕುರಿಮಂದೆ ಸಿಗುತ್ತದೆ, ಆದರೆ ಹುಡುಗಿ ಅವನ ಕಿವಿ ದೊಡ್ಡದೆಂದು ಒಪ್ಪುವುದಿಲ್ಲ. ಕುರಿಯ ಹೆರಿಗೆಯ ದೀರ್ಘ ದೃಶ್ಯವನ್ನು ಮಧ್ಯೆ ನಿಲ್ಲಿಸದೆ ನೋಡಬೇಕು. ನಾಡಿನ ಹೆಮ್ಮೆಯನ್ನು ಯಾವ ಚಿತ್ರ ಹೆಚ್ಚು ಉಳಿಸಿತು ಎಂಬ ಬಗ್ಗೆ ನನಗೆ ಸಂಶಯವಿಲ್ಲ. ಇದರಲ್ಲಿ ಅಕ್ಕನಾಗಿ ಕಾಣಿಸಿಕೊಂಡ ಸಮಾಲ್ ಯೆಸ್ಲ್ಯಾಮೊವಾ 2018ರಲ್ಲಿ ಅದೇ ನಿರ್ದೇಶಕರ 'ಆಯ್ಕಾ'ಕ್ಕಾಗಿ ಕಾನ್‌ನಲ್ಲಿ ಅತ್ಯುತ್ತಮ ನಟಿ ಪ್ರಶಸ್ತಿ ಪಡೆದರು.

ಇಂದಿನ ದಿನಗಳಿಗಾಗಿ ಎಮಿರ್ ಬೈಗಾಜಿನ್ ಅವರ 'ಹಾರ್ಮನಿ ಲೆಸನ್ಸ್' (2013), ಅದಿಲ್ಖಾನ್ ಯೆರ್ಜಾನೊವ್ ಅವರ 'ಜಗತ್ತಿನ ಮೃದು ಉಪೇಕ್ಷೆ' (2018), ಕೌಟುಂಬಿಕ ಹಿಂಸೆಯನ್ನು ಕುರಿತ ಅಸ್ಕರ್ ಉಜಬಾಯೆವ್ ಅವರ 'ಬಕಿತ್' (2022), ಈ ಮೂರು ಸಾಕು. ಮೊದಲನೆಯದಕ್ಕೆ ಬರ್ಲಿನ್‌ನಲ್ಲಿ ಛಾಯಾಗ್ರಹಣದ ಬೆಳ್ಳಿ ಕರಡಿ ಬಂತು. ಶಾಲೆಯೊಳಗಿನ ಹಿಂಸೆಯನ್ನು ಅದು ತಣ್ಣನೆಯ ಬೆಳಕಿನಲ್ಲಿ ಹಿಡಿದ ರೀತಿಗೆ ಆ ಮನ್ನಣೆ ತಕ್ಕುದೇ.

ಇಷ್ಟಾದ ಮೇಲೆ 'ತುರ್ಕ್‌ಸಿಬ್' ಅನ್ನು ಮತ್ತೊಮ್ಮೆ ಹಾಕಿ, ದನಗಾಹಿಗಳು ರೈಲಿನೊಡನೆ ಓಡುವ ದೃಶ್ಯಕ್ಕೆ ನೇರವಾಗಿ ಹೋಗಿ. ಈ ಸಲ ರೈಲನ್ನು ಬಿಟ್ಟು ಓಡುವವರಲ್ಲಿ ಒಬ್ಬನನ್ನು ಆರಿಸಿಕೊಂಡು, ಅವನು ಚೌಕಟ್ಟಿನಿಂದ ಹೊರಗೆ ಹೋಗುವವರೆಗೂ ಅವನ ಮುಖವನ್ನೇ ನೋಡಿ.